ಲೆಕ್ಕ ಯಾವ ನುಡಿಯಲ್ಲಿರಬೇಕು?

(ಆಕಾಶವಾಣಿ ಭಾಷಣದ ಲೇಖನರೂಪ)

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿ ಎಂಬ ಸೂಫಿ ಸಂತರ ದರ್ಗಾದ ಸನ್ನಿಧಿಯಲ್ಲಿ, ಆದಿಲಶಾಹಿ ಮನೆತನದ ಮೊದಮೊದಲ ಅರಸರ ಗೋರಿಗಳಿವೆ. ವಿಜಾಪುರದ ಗೋಲಗುಂಬಜವನ್ನು ಕಂಡು ಬಂದವರಿಗೆ ಇವು ದೊಡ್ಡವಾಗಿ ತೋರಲಾರವು. ಆದರೆ ಮನೆತನದ ಮೂಲಪುರುಷನಾದ ಯೂಸುಫ್, ಅವನ ಮಗ ಇಸ್ಮಾಯಿಲ್, ಮೊಮ್ಮಗ ಒಂದನೆಯ ಇಬ್ರಾಹಿಂ, ಈ ಮೂವರೂ ಮಣ್ಣಾಗಿರುವುದು ಇಲ್ಲಿಯೇ. 1534ರಿಂದ 1558ರವರೆಗೆ ಆಳಿದ ಇಬ್ರಾಹಿಂ ಮಾಡಿದ ಒಂದು ಕೆಲಸ ಇಂದಿನ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಅದುವರೆಗೆ ಫಾರಸಿಯಲ್ಲಿ ಬರೆಯುತ್ತಿದ್ದ ರಾಜ್ಯದ ಲೆಕ್ಕಪತ್ರಗಳನ್ನು ಅವನು ದೇಶೀಯರ ನುಡಿಗೆ ತಿರುಗಿಸಿದನು. ಆ ಕೆಲಸವನ್ನು ಬ್ರಾಹ್ಮಣ ಕರಣಿಕರ ಕೈಗೆ ಒಪ್ಪಿಸಿದನು. ಆಡಳಿತದಲ್ಲಿ ಅವರ ಪ್ರಭಾವ ಬಹುಬೇಗ ಹೆಚ್ಚಿತು ಎಂದು ವಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಅವನು ಬಳಸಿದ ‘ಹಿಂದವಿ’ ಎಂಬ ಮಾತಿಗೆ ಮರಾಠಿ, ಕನ್ನಡ ಮೊದಲಾದ ನಾಡನುಡಿಗಳೆಂದು ವಿದ್ವಾಂಸರು ಅರ್ಥ ಹೇಳುತ್ತಾರೆ.

ಹೊರನೋಟಕ್ಕೆ ಇದು ಕಚೇರಿಯ ಒಂದು ಸಣ್ಣ ಬದಲಾವಣೆ. ಕೂಡುವ ಕಳೆಯುವ ವಿಧಾನ ಫಾರಸಿಯಲ್ಲಾದರೇನು, ಕನ್ನಡದಲ್ಲಾದರೇನು? ಮೊತ್ತ ಬದಲಾಗದು. ಬದಲಾದದ್ದು ಬೇರೆ. ಲೆಕ್ಕವನ್ನು ಯಾರು ಬರೆಯಬಲ್ಲರು, ಯಾರು ಓದಬಲ್ಲರು, ತಪ್ಪು ಕಂಡಾಗ ಯಾರು ತಿದ್ದಬಲ್ಲರು ಎಂಬ ಮೂರು ಸಂಗತಿಗಳು ಬದಲಾದವು. ಲೆಕ್ಕದ ನುಡಿಯನ್ನು ಆರಿಸುವುದೆಂದರೆ ಲೆಕ್ಕದ ಒಡೆಯರನ್ನು ಆರಿಸುವುದೇ ಆಗಿದೆ.

ಈ ಸೀಮೆಯವರಾದ ನಮಗೆ ಈ ಮಾತು ಪುಸ್ತಕದಿಂದ ತಿಳಿಯಬೇಕಾದದ್ದಲ್ಲ. ಬರವಣಿಗೆ ಬೇಗ ಸಾಗಲೆಂದು ಬಳಕೆಗೆ ಬಂದ ಮೋಡಿ ಲಿಪಿಯ ಕಡತಗಳನ್ನು ಓದಬಲ್ಲವರು ಇಂದು ವಿರಳ. ನಿಜಾಮರ ಆಡಳಿತದಲ್ಲಿ ಉರ್ದುವಿನಲ್ಲಿ ಬರೆದ ಜಮೀನಿನ ಕಾಗದಗಳನ್ನು ಕೈಯಲ್ಲಿ ಹಿಡಿದು, ಓದಿ ಹೇಳುವವರನ್ನು ಹುಡುಕಿಕೊಂಡು ಊರೂರು ಅಲೆದ ಮನೆತನಗಳು ನಮ್ಮಲ್ಲಿವೆ. ಹೊಲ ಅಲ್ಲೇ ಇದೆ, ಕಾಗದವೂ ಇದೆ. ನಡುವೆ ನುಡಿಯೊಂದು ಕಳಚಿಬಿದ್ದಿದೆ. ಇದೇ ಪ್ರಸಂಗ ಈಗ ಗಣಕಯಂತ್ರದ ಲೆಕ್ಕಕ್ಕೂ ಬಂದೊದಗಿದೆ.

ಕನ್ನಡ ಎಂ.ಎ. ಓದಿ, ಬಾಳೆಲ್ಲ ವ್ಯಾಕರಣ, ಹಳಗನ್ನಡ ಪಾಠ ಮಾಡಿದವನಿಗೆ ಗಣಕದ ಗೊಡವೆ ಏಕೆ ಎಂದು ತಾವು ಕೇಳಬಹುದು. ಗೋಗಿಯ ಸುತ್ತಲಿನ ಹಳ್ಳಿಗಳ ಒಕ್ಕಲಿಗರೂ ಸಣ್ಣ ವ್ಯಾಪಾರಿಗಳೂ ಸದಸ್ಯರಾಗಿರುವ ಒಂದು ಪತ್ತಿನ ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲಿ ನಾನಿದ್ದೇನೆ. ಸಂಘದ ಷೇರು, ಠೇವಣಿ, ಸಾಲ, ಬಡ್ಡಿ, ಜಾಮೀನು ಎಲ್ಲವನ್ನೂ ಇಟ್ಟುಕೊಂಡಿದ್ದ ಪ್ರೋಗ್ರಾಮು ಹಳೆಯದಾಗಿ, ಅದನ್ನು ಬರೆದುಕೊಟ್ಟವರು ಊರು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಹೊಸದನ್ನು ಮಾಡಿಸಬೇಕು, ಯಾವುದರ ಮೇಲೆ ಮಾಡಿಸಬೇಕು? ಈ ಪ್ರಶ್ನೆ ನಮ್ಮ ಮೇಜಿಗೆ ಬಂತು. ಇದು ಅಡತಿ ಅಂಗಡಿಗೆ, ಹತ್ತಿ ಜಿನ್ನಿಗೆ, ಬೇಳೆ ಗಿರಣಿಗೆ, ಶಾಲೆಯ ಆಡಳಿತ ಸಂಸ್ಥೆಗೆ, ಯಾರಿಗೂ ಇಂದೋ ನಾಳೆಯೋ ಬರುವ ಪ್ರಶ್ನೆ. ಆದ್ದರಿಂದ ನಾವು ವಿಚಾರಿಸಿ ತಿಳಿದದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಮೊದಲು ಶಬ್ದಾರ್ಥ. ಗಣಕದವರು ‘ಪ್ಲಾಟ್‌ಫಾರ್ಮ್’ ಎನ್ನುತ್ತಾರೆ. ನಮಗೆ ಆ ಶಬ್ದದಿಂದ ಯಾದಗಿರಿಯ ರೈಲು ನಿಲ್ದಾಣ ನೆನಪಾದೀತು. ನಾನು ಅದನ್ನು ‘ನೆಲಗಟ್ಟು’ ಎಂದು ಕರೆಯುತ್ತೇನೆ. ನೆಲಗಟ್ಟಿನಲ್ಲಿ ನಾಲ್ಕು ಪದರಗಳಿವೆ. ಯಂತ್ರವನ್ನು ನಡೆಸುವ ವಿಂಡೋಸ್, ಲಿನಕ್ಸ್‌ಗಳಂಥ ಮೂಲವ್ಯವಸ್ಥೆ ಒಂದು. ಲೆಕ್ಕದ ಸಂಗತಿಗಳು ಉಳಿಯುವ ಕಣಜ, ಅಂದರೆ ಡೇಟಾಬೇಸ್, ಎರಡು. ‘ಈ ಖಾತೆಯಿಂದ ಇಷ್ಟು ಕಳೆ, ಆ ಖಾತೆಗೆ ಇಷ್ಟು ಕೂಡು’ ಎಂಬ ಆಜ್ಞೆಗಳನ್ನು ಬರೆಯುವ ಕೋಬಾಲ್, ಜಾವಾ, ಪಿಎಚ್‌ಪಿ, ಪೈಥಾನ್‌ಗಳಂಥ ಭಾಷೆ ಮೂರು. ಇದೆಲ್ಲ ಯಾರ ಯಂತ್ರದಲ್ಲಿ, ಯಾವ ಊರಿನಲ್ಲಿ ಇರುತ್ತದೆ ಎಂಬುದು ನಾಲ್ಕು. ಜನ ಸಾಮಾನ್ಯವಾಗಿ ಮೂರನೆಯದರ ಬಗೆಗೆ ವಾದ ಮಾಡುತ್ತಾರೆ. ಎರಡನೆಯದು, ನಾಲ್ಕನೆಯದು ಅದಕ್ಕಿಂತ ಮುಖ್ಯವೆಂಬುದು ನನ್ನ ತಿಳಿವಳಿಕೆ. ಅದೇಕೆಂದು ಹೇಳುತ್ತೇನೆ.

ವ್ಯವಹಾರದ ಪ್ರೋಗ್ರಾಮಿಗೂ ಆಟದ ಪ್ರೋಗ್ರಾಮಿಗೂ ದೊಡ್ಡ ಅಂತರವಿದೆ. ಆಟ ಹಳೆಯದಾದರೆ ಎಸೆಯಬಹುದು. ಲೆಕ್ಕವನ್ನು ಎಸೆಯಲಾಗದು. ಪ್ರೋಗ್ರಾಮಿಗೆ ಹತ್ತು ಹದಿನೈದು ವರ್ಷ ಆಯುಷ್ಯವಾದರೆ ಅದರೊಳಗಿನ ಸಂಗತಿಗೆ ಮೂರು ತಲೆಮಾರಿನ ಆಯುಷ್ಯ. ಅಜ್ಜ ಕೊಂಡ ಷೇರಿಗೆ ಮೊಮ್ಮಗ ವಾರಸುದಾರನಾಗಿ ಬಂದು ನಿಲ್ಲುತ್ತಾನೆ. ಆದ್ದರಿಂದ ನೆಲಗಟ್ಟನ್ನು ಪರೀಕ್ಷಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಬೇಗ ಓಡುತ್ತದೆ?’ ಎಂಬುದಲ್ಲ, ‘ಇದು ನಿಂತುಹೋದ ಮೇಲೆ ಒಳಗಿನದನ್ನು ಹೊರಗೆ ತರಬಹುದೆ?’ ಎಂಬುದು.

ನಮ್ಮ ಸಂಘದ ಹಳೆಯ ಪ್ರೋಗ್ರಾಮು ಫಾಕ್ಸ್‌ಪ್ರೋದಲ್ಲಿತ್ತು. ಭಾರತದ ಸಣ್ಣ ವ್ಯಾಪಾರದ ಗಣಕೀಕರಣದಲ್ಲಿ ಈ ಹೆಸರಿಗೆ ಒಂದು ಕಾಲಕ್ಕೆ ಬಹಳ ಮನ್ನಣೆಯಿತ್ತು. ಫಾಕ್ಸ್ ಸಾಫ್ಟ್‌ವೇರ್ ಎಂಬ ಅಮೆರಿಕದ ಕಂಪನಿ ಅದನ್ನು ರೂಪಿಸಿತು. 1992ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು ಕೊಂಡಿತು. 2004ರಲ್ಲಿ ಅದರ ಕೊನೆಯ ಹೊಸ ಆವೃತ್ತಿ ಬಂತು. 2007ರಲ್ಲಿ ಮುಂದಿನ ಆವೃತ್ತಿ ಇಲ್ಲವೆಂದು ಘೋಷಿಸಿದರು. 2015ಕ್ಕೆ ಬೆಂಬಲವೂ ಮುಗಿಯಿತು. ಮುಂದುವರಿಸಿರೆಂದು ಬಳಕೆದಾರರು ಮನವಿ ಸಲ್ಲಿಸಿದರೂ ಫಲ ಸಿಗಲಿಲ್ಲ. ಕೆಟ್ಟ ಸರಕೆಂದು ಅದು ಸಾಯಲಿಲ್ಲ. ಒಡೆಯನಿಗೆ ಬೇಡವಾದ್ದರಿಂದ ಸತ್ತಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದುಂಟು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ 2008ರಲ್ಲಿ ಸನ್ ಕಂಪನಿಯ ಕೈಗೂ 2010ರಲ್ಲಿ ಆ ಕಂಪನಿಯೊಂದಿಗೇ ಒರಾಕಲ್‌ನ ಕೈಗೂ ಹೋಯಿತು. ಮುಂದೇನಾಗುವುದೋ ಎಂಬ ಅಳುಕು ಹುಟ್ಟಿದಾಗ ಅದನ್ನು ಮೊದಲು ಕಟ್ಟಿದವರಲ್ಲೊಬ್ಬರಾದ ಮೈಕೆಲ್ ವಿಡೇನಿಯಸ್ ಅದೇ ಮೂಲಬರಹವನ್ನು ತೆಗೆದುಕೊಂಡು 2009ರಲ್ಲಿ ಮರಿಯಾಡಿಬಿ ಎಂಬ ಕವಲನ್ನು ಆರಂಭಿಸಿದರು. ಹಾಗೆ ಮಾಡಲು ಅವರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅದರ ಮೂಲಬರಹ ಮುಕ್ತ ಪರವಾನಗಿಯಲ್ಲಿತ್ತು. ಅಗಸಿಯ ಬಾವಿಗೂ ಗೌಡರ ವಾಡೆಯೊಳಗಿನ ಬಾವಿಗೂ ಇರುವ ವ್ಯತ್ಯಾಸ ಇಷ್ಟೇ. ವಾಡೆಯ ನೀರು ಸಿಹಿಯೇ ಇರಬಹುದು; ಬಾಗಿಲು ಮುಚ್ಚಿದ ದಿನ ಕೊಡ ಹೊತ್ತು ನಿಂತವರು ಏನು ಮಾಡಬೇಕು?

ಇನ್ನು ಕಣಜದ ಗುಣವೇನು ಎಂಬ ವಿಚಾರ. ಒಬ್ಬ ಸದಸ್ಯನ ಉಳಿತಾಯ ಖಾತೆಯಿಂದ ಐದು ಸಾವಿರ ರೂಪಾಯಿ ತೆಗೆದು ಅವನ ಸಾಲಕ್ಕೆ ಜಮಾ ಮಾಡುವಾಗ ಯಂತ್ರ ಎರಡು ಕಡೆ ಬರೆಯಬೇಕು. ಮೊದಲನೆಯದನ್ನು ಬರೆದ ಕ್ಷಣಕ್ಕೆ ವಿದ್ಯುತ್ತು ಹೋಯಿತೆನ್ನೋಣ. ಉಳಿತಾಯದಿಂದ ಹಣ ಹೋಗಿದೆ, ಸಾಲಕ್ಕೆ ಬಂದಿಲ್ಲ. ಉತ್ತಮ ಡೇಟಾಬೇಸು ಈ ಎರಡನ್ನೂ ಒಂದೇ ವ್ಯವಹಾರವೆಂದು ಗಂಟು ಹಾಕುತ್ತದೆ. ಎರಡೂ ಆದರೆ ಆದಂತೆ. ಇಲ್ಲದಿದ್ದರೆ ಒಂದೂ ಆಗದಂತೆ ಹಿಂದಿನ ಸ್ಥಿತಿಗೆ ಮರಳುತ್ತದೆ. ಹಳೆಯ ಡಿಬಿಎಫ್ ಕಡತಗಳಿಗೆ ಈ ರಕ್ಷಣೆ ಇರಲಿಲ್ಲ. ಬೇಸಗೆಯಲ್ಲಿ ವಿದ್ಯುತ್ತು ಹೋಗಿ ಬಂದಾಗಲೆಲ್ಲ ಸೂಚಿ ಕೆಟ್ಟು ಅದನ್ನು ಮತ್ತೆ ಕಟ್ಟಬೇಕಾಗುತ್ತಿತ್ತು. ಇಂದು ಹಣ ಕೊಡದೆ ದೊರೆಯುವ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂಥವೂ ಈ ಗಂಟನ್ನು ಬಿಗಿಯಾಗಿ ಹಾಕುತ್ತವೆ. ವಿದ್ಯುತ್ತಿನ ಭರವಸೆಯಿಲ್ಲದ ಊರಿಗೆ ಇದು ಅಲಂಕಾರವಲ್ಲ, ಅವಶ್ಯಕ.

ಎರಡನೆಯ ಪರೀಕ್ಷೆ ಪೈಸೆಯದು. ಒಂದು ರೂಪಾಯಿಯನ್ನು ಮೂವರು ಅಣ್ಣತಮ್ಮಂದಿರಿಗೆ ಸಮನಾಗಿ ಹಂಚಲು ಹೊರಟರೆ ಮೂವತ್ತಮೂರು ಪೈಸೆಯ ಮುಂದೆ ಮೂರು, ಮತ್ತೆ ಮೂರು ಎಂದು ಭಾಗಾಕಾರ ಮುಗಿಯುವುದೇ ಇಲ್ಲ. ಇದು ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರ ಫಲ. ಯಂತ್ರ ಬರೆಯುವುದು ಎರಡರ ಲೆಕ್ಕದಲ್ಲಿ. ಅದಕ್ಕೆ ನಮ್ಮ ಹತ್ತು ಪೈಸೆಯೇ, ಅಂದರೆ ರೂಪಾಯಿಯ ಹತ್ತನೆಯ ಒಂದು ಭಾಗವೇ, ಮುಗಿಯದ ಭಾಗಾಕಾರವಾಗುತ್ತದೆ. ಆದ್ದರಿಂದ ಹತ್ತಿರದ ಬೆಲೆಯನ್ನು ಇಟ್ಟುಕೊಳ್ಳುತ್ತದೆ. ಹಲವು ಭಾಷೆಗಳಲ್ಲಿ 0.1ಕ್ಕೆ 0.2ನ್ನು ಕೂಡಿಸಿದರೆ 0.3 ಬರುವ ಬದಲು ಹದಿನೇಳನೆಯ ಸ್ಥಾನದಲ್ಲಿ 4 ಎಂಬ ಅಂಕಿಯೊಂದು ಹೆಚ್ಚಾಗಿ ಬರುವುದುಂಟು. ಸೇತುವೆಯ ಭಾರ ಎಣಿಸುವ ಎಂಜಿನಿಯರಿಗೆ ಇದರಿಂದ ಬಾಧಕವಿಲ್ಲ. ಕಿರ್ದಿಯ ಎರಡು ಬದಿಗಳು ಸಮನಾಗಲೇಬೇಕಾದ ಗುಮಾಸ್ತನಿಗೆ ಬಾಧಕವಿದೆ.

ಸಣ್ಣ ಭಾಗವನ್ನು ಅಲಕ್ಷ್ಯ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆ ಸಾಕ್ಷಿ. 1982ರ ಜನವರಿಯಲ್ಲಿ 1000 ಎಂದು ಆರಂಭವಾದ ಅದರ ಸೂಚ್ಯಂಕ 1983ರ ನವೆಂಬರಿನ ಹೊತ್ತಿಗೆ ಸುಮಾರು 524ಕ್ಕೆ ಇಳಿದಿತ್ತು. ಪೇಟೆ ಬಿದ್ದಿರಲಿಲ್ಲ. ದಿನಕ್ಕೆ ಸಾವಿರಾರು ಸಲ ಲೆಕ್ಕ ಹಾಕುವಾಗ ಮೂರನೆಯ ದಶಾಂಶದ ಆಚೆಯದನ್ನು ಪೂರ್ಣಾಂಕಿಸದೆ ಕತ್ತರಿಸಿಬಿಡುತ್ತಿದ್ದರು. ಸರಿಪಡಿಸಿದಾಗ ಸೂಚ್ಯಂಕ 1098 ದಾಟಿತು. ಹನಿಗೂಡಿದರೆ ಹಳ್ಳವಾಗುವಂತೆ, ಹನಿ ಸೋರಿದರೆ ಹಳ್ಳ ಬತ್ತುವುದೂ ನಿಜ.

ನಮ್ಮ ಸಂಘದಲ್ಲಿ 7,350 ರೂಪಾಯಿ ಸಾಲಕ್ಕೆ ಶೇಕಡಾ 12.5ರಂತೆ 47 ದಿನದ ಬಡ್ಡಿ ಕಟ್ಟಿದರೆ 118 ರೂಪಾಯಿ 30 ಪೈಸೆಯ ಮುಂದೆ ಸುಮಾರು ಅರ್ಧ ಪೈಸೆ ಉಳಿಯುತ್ತದೆ. ಆ ಅರ್ಧ ಪೈಸೆಯನ್ನು ಬಿಡಬೇಕೆ, ಹಿಡಿಯಬೇಕೆ, ಎಲ್ಲಿ ಪೂರ್ಣಾಂಕಿಸಬೇಕು ಎಂಬುದನ್ನು ನಿಯಮವಾಗಿ ಬರೆದಿಡಬೇಕು. ಹಣವನ್ನು ಹತ್ತರ ಲೆಕ್ಕದಲ್ಲಿಯೇ ಇಟ್ಟುಕೊಳ್ಳುವ ಸೌಕರ್ಯ ಆರಿಸಿದ ನೆಲಗಟ್ಟಿನಲ್ಲಿರಬೇಕು. ಕೋಬಾಲ್‌ಗೆ ಇದು ಹುಟ್ಟುಗುಣ. ಜಾವಾ, ಪೈಥಾನ್‌ಗಳಲ್ಲಿಯೂ ಒಳ್ಳೆಯ ಡೇಟಾಬೇಸುಗಳಲ್ಲಿಯೂ ಇದಕ್ಕೆ ಪ್ರತ್ಯೇಕ ವ್ಯವಸ್ಥೆಯಿದೆ. ಬರೆಯುವವನು ಅದನ್ನು ಬಳಸುವಂತೆ ನೋಡಿಕೊಳ್ಳಬೇಕಷ್ಟೆ.

ಮೂರನೆಯ ಪರೀಕ್ಷೆ ಹೆಸರಿನದು. ನಾನು ಈ ಕೆಲಸಕ್ಕೆ ತೊಡಗಿದ್ದೇ ಇದರ ದೆಸೆಯಿಂದ. ಹಳೆಯ ಕಡತಗಳನ್ನು ತೆರೆದಾಗ ಒಂದು ವಿಚಿತ್ರ ಕಂಡಿತು. ಡಿಬಿಎಫ್ ಕಡತದ ರಚನೆ ಎಲ್ಲರಿಗೂ ತಿಳಿದಿರುವಂಥದು. ಆದ್ದರಿಂದ ಪ್ರೋಗ್ರಾಮು ನಿಂತರೂ ಅಂಕಿಗಳೆಲ್ಲ ಪೈಸೆ ಸಹಿತ ಸುರಕ್ಷಿತವಾಗಿ ಹೊರಬಂದವು. ಹೆಸರುಗಳು ಮಾತ್ರ ಇಂಗ್ಲಿಷ್ ಅಕ್ಷರ, ಆವರಣ ಚಿಹ್ನೆ, ಪ್ರಶ್ನಾರ್ಥಕಗಳ ರಾಶಿಯಾಗಿದ್ದವು. ಸಾಲವೆಷ್ಟೆಂದು ಗೊತ್ತು, ಸಾಲಗಾರ ಯಾರೆಂದು ಗೊತ್ತಿಲ್ಲ!

ಕಾರಣ ಹೀಗಿದೆ. ಯಂತ್ರಕ್ಕೆ ಅಕ್ಷರವೆಂಬುದಿಲ್ಲ, ಸಂಖ್ಯೆ ಮಾತ್ರ ಉಂಟು. ಫಾಕ್ಸ್‌ಪ್ರೋದಂಥ ಹಳೆಯ ನೆಲಗಟ್ಟಿನಲ್ಲಿ ಒಟ್ಟು 256 ಸಂಖ್ಯೆಗಳಿಗೆ ಮಾತ್ರ ಎಡೆ. ಅವುಗಳಲ್ಲಿ ಇಂಗ್ಲಿಷ್ ಮೊದಲೇ ಕುಳಿತಿತ್ತು. ಕನ್ನಡ ಫಾಂಟುಗಳನ್ನು ರೂಪಿಸಿದವರು ಜಾಣ್ಮೆಯಿಂದ ಆ ಸಂಖ್ಯೆಗಳಿಗೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಆಕಾರಗಳನ್ನು ತೊಡಿಸಿದರು. ಆ ದಿನಗಳಲ್ಲಿ ಅದು ದೊಡ್ಡ ಉಪಕಾರವೇ. ನಾಡಿನ ಕಚೇರಿಗಳಿಗೆ ಕನ್ನಡ ಹೊಕ್ಕದ್ದು ಅದರಿಂದ. ಆದರೆ ಒಂದೊಂದು ಫಾಂಟಿನ ಏರ್ಪಾಡು ಒಂದೊಂದು ಬಗೆ. ಫಾಂಟು ಕಳೆದರೆ ಹೆಸರೂ ಕಳೆಯಿತು. ಯೂನಿಕೋಡ್ ಎಂಬ ಲೋಕಸಮ್ಮತ ಸಂಕೇತ ಮಾಲೆ ಈ ತೊಡಕನ್ನು ಬಿಡಿಸಿತು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಅಲ್ಲಿ ‘ಕ’ ಎಂಬ ಅಕ್ಷರಕ್ಕೆ 3221 ಎಂಬ ಸಂಖ್ಯೆ. ಅದು ಗೋಗಿಯಲ್ಲಿಯೂ 3221, ಟೋಕಿಯೋದಲ್ಲಿಯೂ 3221. 1995ರಲ್ಲಿ ಬಂದ ಜಾವಾ ಮೊದಲಿನಿಂದಲೇ ಯೂನಿಕೋಡನ್ನು ಒಪ್ಪಿತು. 2008ರ ಪೈಥಾನ್ 3 ಕೂಡ ಅದನ್ನೇ ತಳಹದಿ ಮಾಡಿಕೊಂಡಿತು. ಕನ್ನಡದ ಹೆಸರು ಯೂನಿಕೋಡಿನಲ್ಲಿ ಉಳಿಯದ ಯಾವ ನೆಲಗಟ್ಟೂ ನಮಗೆ ಸಲ್ಲದು.

ಇದರಲ್ಲೊಂದು ಸೂಕ್ಷ್ಮವಿದೆ. ಯೂನಿಕೋಡಿನ ಸಂಖ್ಯಾಕ್ರಮದಲ್ಲಿ ‘ಲ’ ಆದೊಡನೆ ‘ಳ’ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಇರುವುದು ‘ಹ’ದ ಆಚೆ. ಬರಿಯ ಸಂಖ್ಯೆಯ ಮೇಲೆ ಪಟ್ಟಿ ಮಾಡಿದರೆ ‘ಕಳಕಪ್ಪ’ನ ಹೆಸರು ‘ಕವಿತಾ’ಳ ಹಿಂದೆ ಬರಬೇಕಾದದ್ದು ಮುಂದೆ ಬಂದುಬಿಡುತ್ತದೆ. ಅಕ್ಷರಗಳನ್ನು ಇಡುವ ಸಂಕೇತವೇ ಬೇರೆ, ಅವನ್ನು ಅಕಾರಾದಿಯಾಗಿ ವಿಂಗಡಿಸುವ ನಿಯಮವೇ ಬೇರೆ. ಎರಡನ್ನೂ ಕನ್ನಡಕ್ಕೆ ತಕ್ಕಂತೆ ಹೊಂದಿಸಬಹುದೇ ಎಂದು ಕೇಳಬೇಕು. ಹಾಗೆಯೇ ನಮ್ಮ ಭಾಗದ ಕಾಗದಗಳಲ್ಲಿ ‘ಶರಣಪ್ಪ ತಂದೆ ಮಲ್ಲಪ್ಪ’ ಎಂದು ಬರೆಯುವುದು ರೂಢಿ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡೇ ಕೋಣೆಗಳಿರುವ ಸಿದ್ಧ ಪ್ರೋಗ್ರಾಮಿನಲ್ಲಿ ಈ ‘ತಂದೆ’ಗೆ ಜಾಗವಿರುವುದಿಲ್ಲ. ಒಂದೇ ಊರಿನಲ್ಲಿ ಐವರು ಶರಣಪ್ಪಂದಿರಿರುವಾಗ ಆ ಒಂದು ಶಬ್ದದ ಮೇಲೆಯೇ ಒಬ್ಬನ ಠೇವಣಿ ನಿಂತಿರುತ್ತದೆ.

ನಾಲ್ಕನೆಯ ಪರೀಕ್ಷೆ ತಿದ್ದುವವರದು. ವ್ಯವಹಾರದ ಪ್ರೋಗ್ರಾಮನ್ನು ಒಮ್ಮೆ ಬರೆದು ಮುಗಿಸಲಾಗದು, ಏಕೆಂದರೆ ಕಾಯಿದೆ ನಿಂತಲ್ಲಿ ನಿಲ್ಲುವುದಿಲ್ಲ. 2005ರ ಏಪ್ರಿಲಿನಲ್ಲಿ ಕರ್ನಾಟಕಕ್ಕೆ ವ್ಯಾಟ್ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಒಂದೇ ರಾತ್ರಿಯಲ್ಲಿ ಪ್ರತಿಯೊಂದು ಅಂಗಡಿಯ ಬಿಲ್ಲಿನ ರೂಪವೇ ಬದಲಾಗಬೇಕಾಯಿತು. ಪ್ರೋಗ್ರಾಮು ಬರೆದವರು ಕೈಗೆ ಸಿಗುವಂತಿದ್ದವರು ತಿದ್ದಿಸಿಕೊಂಡರು. ಸಿಗದವರು ಮತ್ತೆ ಬಿಲ್ ಪುಸ್ತಕ ಹಿಡಿದರು. ಆದ್ದರಿಂದ ಭಾಷೆಯ ಆಯ್ಕೆಯಲ್ಲಿ ಚಂದಕ್ಕಿಂತ ಬಳಕೆ ಹೆಚ್ಚಿನದು. 1959ರಲ್ಲಿ ವ್ಯಾಪಾರಕ್ಕೆಂದೇ ರೂಪಿಸಿದ ಕೋಬಾಲ್ ಇಂದಿಗೂ ದೊಡ್ಡ ಸಂಸ್ಥೆಗಳಲ್ಲಿ ದುಡಿಯುತ್ತಿದೆ. ಆದರೆ 2020ರ ಏಪ್ರಿಲಿನಲ್ಲಿ, ಮಹಾಮಾರಿಯ ಕಾಲದಲ್ಲಿ, ಅಮೆರಿಕದ ನ್ಯೂಜೆರ್ಸಿಯ ರಾಜ್ಯಪಾಲರು ಕೋಬಾಲ್ ಬಲ್ಲವರು ನೆರವಿಗೆ ಬನ್ನಿರೆಂದು ಬಹಿರಂಗವಾಗಿ ಕೇಳಬೇಕಾಯಿತು. ನಿರುದ್ಯೋಗಿಗಳ ಭತ್ಯದ ಅರ್ಜಿಗಳ ಭಾರವನ್ನು ತಾಳದ ಹಳೆಯ ವ್ಯವಸ್ಥೆಯನ್ನು ತಿದ್ದುವ ಕೈಗಳು ಸಾಲದಾಗಿದ್ದವು. ಅಷ್ಟು ಸಂಪನ್ನ ನಾಡಿಗೇ ಆ ಪಾಡು ಬಂದರೆ ನಮ್ಮ ಗತಿಯೇನು?

ನಮ್ಮ ನಾಡಿನಲ್ಲಿಯೇ ನಡೆದ ಮೂರು ಪ್ರಯತ್ನಗಳನ್ನು ಈ ಪರೀಕ್ಷೆಗಳ ಬೆಳಕಿನಲ್ಲಿ ನೋಡಬಹುದು.

ಮೊದಲನೆಯದು ‘ಭೂಮಿ’. ರಾಜ್ಯದ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ, ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಯೋಜನೆಯಿದು. ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್ ಇದರ ತಂತ್ರಾಂಶವನ್ನು ಸಿದ್ಧಪಡಿಸಿತು. ಆರಂಭದಲ್ಲಿ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ದಾಖಲೆಯನ್ನು ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೊಗಬೇಕಾಗಿದ್ದುದರಿಂದ ಯಾರು ತಿದ್ದಿದರೆಂಬುದು ಉಳಿಯುತ್ತಿತ್ತು. ಮೊದಲು ಪ್ರತಿ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕಿನ ಯಂತ್ರದಲ್ಲಿಯೇ ಇರುತ್ತಿತ್ತು. ಸಂಪರ್ಕ ಸುಧಾರಿಸಿದ ಮೇಲೆ ಅದು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ಇಲ್ಲಿ ಗಮನಿಸಬೇಕಾದದ್ದೆಂದರೆ, ದಾಖಲೆಯ ಠಾವು ಬದಲಾಯಿತು, ಕೆಲಸದ ಕ್ರಮ ಬದಲಾಯಿತು. ದಾಖಲೆ ಮಾತ್ರ ಒಂದರಿಂದ ಮತ್ತೊಂದಕ್ಕೆ ದಾಟಿ ಉಳಿಯಿತು. ದಾಟಬಲ್ಲದ್ದೇ ಬಾಳುವಂಥದು.

ಎರಡನೆಯದು ಬೆಂಗಳೂರಿನಲ್ಲಿ ನೆಲೆಗೊಂಡ ‘ಟ್ಯಾಲಿ’. ಗಿರಣಿಗಳಿಗೆ ಸರಕು, ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ತಾವೇ ಅದನ್ನು ಬರೆಯಲು ತೊಡಗಿದರು. 1986ರಲ್ಲಿ ಹೀಗೆ ಆರಂಭವಾದುದು ಮುಂದೆ ದೇಶದ ಅಂಗಡಿ ಅಂಗಡಿಗೆ ಮುಟ್ಟಿತು. ಅದರ ಹೆಚ್ಚಳವಿರುವುದು ಅದನ್ನು ಬರೆದ ಭಾಷೆಯಲ್ಲಲ್ಲ. ಪ್ರತಿ ಖಾತೆಗೂ ಗುಪ್ತಸಂಖ್ಯೆ ಕೊಟ್ಟು ನೆನಪಿಡಬೇಕೆಂಬ ಕಟ್ಟಳೆಯನ್ನು ತೆಗೆದು, ಗುಮಾಸ್ತ ತಾನು ಕಿರ್ದಿಯಲ್ಲಿ ಬರೆಯುವಂತೆ ಹೆಸರಿನಿಂದಲೇ ಬರೆಯಲು ಬಿಟ್ಟದ್ದರಲ್ಲಿದೆ. ಸಾಮಾನ್ಯ ವ್ಯಾಪಾರಕ್ಕೆ ಇಂಥ ಸಿದ್ಧ ಪ್ಯಾಕೇಜು ಇರುವಾಗ ಹೊಸದನ್ನು ಬರೆಯಿಸುವುದು ಅನಾವಶ್ಯಕ ವೆಚ್ಚ. ತನ್ನ ವ್ಯವಹಾರದಲ್ಲಿ ಬೇರೆಲ್ಲೂ ಇಲ್ಲದ ವಿಶೇಷವಿದ್ದರೆ ಮಾತ್ರ ಹೊಸ ಬರಹದ ಮಾತು.

ಮೂರನೆಯದು ಸಹಕಾರ ಸಂಘಗಳದ್ದು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದು ನಾಡಿನ ಹೆಮ್ಮೆಯ ಅಧ್ಯಾಯ. ಅಂಥ 63,000 ಪ್ರಾಥಮಿಕ ಸಂಘಗಳನ್ನು ದೇಶದಾದ್ಯಂತ ಗಣಕೀಕರಿಸಲು ಕೇಂದ್ರ ಸರಕಾರ 2022ರ ಜೂನಿನಲ್ಲಿ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಎಲ್ಲರಿಗೂ ಒಂದೇ ತಂತ್ರಾಂಶ ಏಕೆಂಬುದಕ್ಕೆ ಆಗ ಕೊಟ್ಟ ಕಾರಣ ಬೋಧಪ್ರದವಾಗಿದೆ. ಕೆಲವು ರಾಜ್ಯಗಳಲ್ಲಿ ಸಂಘಗಳು ಬಿಡಿಬಿಡಿಯಾಗಿ ಗಣಕೀಕರಣ ಮಾಡಿಕೊಂಡಿದ್ದವು. ಒಂದರ ತಂತ್ರಾಂಶ ಇನ್ನೊಂದಕ್ಕೆ ಹೋಲುತ್ತಿರಲಿಲ್ಲ. ಜಿಲ್ಲಾ ಬ್ಯಾಂಕಿಗೂ ರಾಜ್ಯ ಬ್ಯಾಂಕಿಗೂ ಅವು ಜೋಡಣೆಯಾಗಿರಲಿಲ್ಲ. ತನ್ನ ಮನೆಗೆ ಮಾತ್ರ ಸರಿಹೋಗುವ ನೆಲಗಟ್ಟು ಸಾಲದು, ನೆರೆಯವರೊಡನೆ ಮಾತಾಡಬಲ್ಲದ್ದಾಗಿರಬೇಕು.

ನಮ್ಮ ಸಂಘ ಕೃಷಿ ಪತ್ತಿನ ಆ ಯೋಜನೆಯೊಳಗಿನದಲ್ಲ. ಆದ್ದರಿಂದ ನಮ್ಮ ದಾರಿ ನಾವೇ ನೋಡಿಕೊಳ್ಳಬೇಕಾಗಿತ್ತು. ನಮ್ಮ ಮುಂದೆ ಮೂರು ದಾರಿಗಳಿದ್ದವು. ಒಂದು ಕಂಪನಿ ಎಲ್ಲವನ್ನೂ ತನ್ನ ಯಂತ್ರದಲ್ಲಿಟ್ಟುಕೊಂಡು ತಿಂಗಳ ಬಾಡಿಗೆಗೆ ಕೊಡುವುದಾಗಿ ಹೇಳಿತು. ತೋರಿಸಿದ ಪರದೆಗಳು ಬಹಳ ಸೊಗಸಾಗಿದ್ದವು. ಬಾಡಿಗೆ ಬಿಟ್ಟ ದಿನ ನಮ್ಮ ಲೆಕ್ಕ ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂಬ ಪ್ರಶ್ನೆಗೆ ಲಿಖಿತ ಉತ್ತರ ಬರಲಿಲ್ಲ. ಎರಡನೆಯದು ಸಿದ್ಧ ಲೆಕ್ಕದ ಪ್ಯಾಕೇಜು. ಜಮಾಖರ್ಚಿಗೆ ಅದು ಚೆನ್ನ. ಷೇರು, ಜಾಮೀನುದಾರ, ಲಾಭಾಂಶಗಳನ್ನು ಅದರೊಳಗೆ ಸೇರಿಸಲು ಮತ್ತೆ ಬೇರೆ ಬರವಣಿಗೆ ಬೇಕಾಗುತ್ತಿತ್ತು. ಮೂರನೆಯವನು ಶಹಾಪುರದ ಒಬ್ಬ ತರುಣ. ಪಿಎಚ್‌ಪಿ ಭಾಷೆಯಲ್ಲಿ, ಪೋಸ್ಟ್‌ಗ್ರೆಸ್‌ಕ್ಯೂಎಲ್ ಕಣಜದ ಮೇಲೆ ಬರೆದುಕೊಡುತ್ತೇನೆಂದ. ‘ಇನ್ನೂ ಹೊಸ ಭಾಷೆಗಳಿವೆಯಲ್ಲ, ಅವನ್ನೇಕೆ ಬಿಟ್ಟಿ?’ ಎಂದು ನಮ್ಮ ಸದಸ್ಯರೊಬ್ಬರು ಕೇಳಿದಾಗ ಅವನು ಕೊಟ್ಟ ಉತ್ತರ ನನಗೆ ಹಿಡಿಸಿತು: ‘ಸರ್, ನಾ ನಾಳೆ ಬೆಂಗಳೂರಿಗೆ ಹೋದರ ಇದನ್ನ ನೋಡಾಕ ಯಾದಗಿರಿಯೊಳಗ ಇನ್ನ ಹತ್ತು ಮಂದಿ ಸಿಗ್ತಾರ. ಅದಕ್ಕ ಒಬ್ಬರೂ ಸಿಗಲ್ಲ.’

ಒಬ್ಬನನ್ನೇ ನಂಬಿದರೆ ಹಳೆಯ ಕಥೆಯೇ ಮರುಕಳಿಸೀತೆಂಬ ಅಂಜಿಕೆ ಮಂಡಳಿಯಲ್ಲಿತ್ತು. ಅದು ಸಕಾರಣವಾದ ಅಂಜಿಕೆ. ಆದ್ದರಿಂದ ಅವನನ್ನು ಒಪ್ಪುವಾಗ ಕರಾರಿನಲ್ಲಿ ಕೆಲವು ಮಾತುಗಳನ್ನು ಸೇರಿಸಿದೆವು. ಪ್ರೋಗ್ರಾಮಿನ ಮೂಲಬರಹ ಸಂಘದ ಸ್ವತ್ತು. ತಿದ್ದಿದಾಗಲೆಲ್ಲ ಅದರ ಪ್ರತಿ ಸಂಘದ ತಿಜೋರಿಗೆ ಬರಬೇಕು. ಯಾವ ಪಟ್ಟಿಯ ಯಾವ ಕೋಣೆಯಲ್ಲಿ ಏನಿದೆ ಎಂಬ ವಿವರಣೆಯನ್ನು ಕನ್ನಡದಲ್ಲಿ ಬರೆದು, ಮುದ್ರಿಸಿ ಕೊಡಬೇಕು. ಪ್ರತಿ ತಿಂಗಳ ಕೊನೆಗೆ ಇಡೀ ಲೆಕ್ಕವನ್ನು ಯಾವ ಯಂತ್ರದಲ್ಲಾದರೂ ತೆರೆಯಬಹುದಾದ ಸಾದಾ ಪಠ್ಯರೂಪದಲ್ಲಿ ತೆಗೆದು, ಕಚೇರಿಯ ಹೊರಗೆ ಒಂದು ಪ್ರತಿ ಇಡಬೇಕು. ಹಣ ಹತ್ತರ ಲೆಕ್ಕದಲ್ಲಿ, ಹೆಸರು ಯೂನಿಕೋಡಿನಲ್ಲಿ ಇರಬೇಕು. ಇನ್ನೊಬ್ಬರಿಗೆ ಕೆಲಸ ಕಲಿಸಬೇಕು. ಕೊನೆಯದಾಗಿ, ಮೂರು ತಿಂಗಳು ಹಳೆಯ ವಿಧಾನ, ಹೊಸ ವಿಧಾನ ಎರಡೂ ಒಟ್ಟಿಗೆ ನಡೆಯಬೇಕು. ಎರಡರ ತಾಳೆಪಟ್ಟಿ ಪೈಸೆಗೆ ಪೈಸೆ ಕೂಡಿದ ಮೇಲೆಯೇ ಹಳೆಯದಕ್ಕೆ ವಿದಾಯ.

ಹೆಸರುಗಳನ್ನು ಮಾತ್ರ ಯಂತ್ರ ಪೂರ್ತಿ ಬಿಡಿಸಿಕೊಡಲಿಲ್ಲ. ಪರಿವರ್ತಕ ಪ್ರೋಗ್ರಾಮು ಬಹುಪಾಲನ್ನು ಕನ್ನಡಕ್ಕೆ ತಂದಿತು. ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ಎಡವಿತು. ಉಳಿದುದನ್ನು ಷೇರು ರಿಜಿಸ್ಟರಿನೊಂದಿಗೆ ತಾಳೆ ನೋಡುತ್ತ, ಗುಮಾಸ್ತರು ಓದಿದಂತೆ ನಾನು ತಿದ್ದುತ್ತ ಸಾಗಿದೆವು. ‘ಬಸಮ್ಮ’ ಯಾರು, ‘ಬಸ್ಸಮ್ಮ’ ಯಾರು ಎಂಬುದನ್ನು ಹಳ್ಳಿಯ ಹಿರಿಯರನ್ನು ಕೇಳಿ ನಿಶ್ಚಯಿಸಿದ್ದುಂಟು. ಹಸ್ತಪ್ರತಿಗಳ ಪಾಠಾಂತರ ನೋಡುವಾಗಿನ ಎಚ್ಚರವೇ ಇಲ್ಲಿಯೂ ಬೇಕಾಯಿತು. ಒಂದು ಭೇದವೆಂದರೆ, ಕಾವ್ಯದಲ್ಲಿ ಪಾಠ ತಪ್ಪಿದರೆ ಅರ್ಥ ಕೆಡುತ್ತದೆ. ಇಲ್ಲಿ ತಪ್ಪಿದರೆ ಒಬ್ಬ ಮುದುಕಿಯ ಠೇವಣಿ ಇನ್ನೊಬ್ಬಳ ಪಾಲಾಗುತ್ತದೆ.

ನಾವು ಆರಿಸಿದ್ದೇ ಎಲ್ಲರಿಗೂ ಸರಿಯೆಂದು ನಾನು ಹೇಳಲಾರೆ. ಹತ್ತಾರು ಊರುಗಳಲ್ಲಿ ಶಾಖೆಗಳಿರುವ ವ್ಯಾಪಾರಕ್ಕೆ ಬಾಡಿಗೆಯ ವ್ಯವಸ್ಥೆಯೇ ಹಿತವಾದೀತು. ಒಂದೇ ಅಂಗಡಿಗೆ ಸಿದ್ಧ ಪ್ಯಾಕೇಜು ಸಾಕಾದೀತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಪಿಎಚ್‌ಪಿಯೂ ಒಂದು ದಿನ ಮೋಡಿ ಲಿಪಿಯಂತೆ ಆಗಬಹುದು. ಅದು ಆಗದಂತೆ ತಡೆಯುವ ಶಕ್ತಿ ನಮಗಿಲ್ಲ. ಅದು ಆದ ದಿನ ನಮ್ಮ ಲೆಕ್ಕ ಹೊರಗೆ ಬರುವಂತೆ ಬಾಗಿಲನ್ನು ಇಂದೇ ಇಡಿಸುವುದು ನಮ್ಮ ಕೈಯಲ್ಲಿದೆ. ಆದ್ದರಿಂದ ಯಾರೇ ಹೊಸ ಪ್ರೋಗ್ರಾಮು ಮಾರಲು ನಿಮ್ಮ ಅಂಗಡಿಗೆ ಬಂದರೂ, ಒಳಗೆ ಏನೇನಿದೆ ಎಂದು ಅವರು ತೋರಿಸಿ ಮುಗಿಸಿದ ಮೇಲೆ ಒಂದು ಮಾತು ಕೇಳಿರಿ: ‘ಇದರಿಂದ ಹೊರಗೆ ಬರುವುದು ಹೇಗೆ?’ ಉತ್ತರವನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಕಾಗದದ ಮೇಲೆ ಬರೆಯಿಸಿಕೊಳ್ಳಿ.